ಹೆಸರಿಲ್ಲದ ಫಂಕ್ಷನ್ ಮತ್ತು ಹೊನವಾಡದ ಹಸಿ ಎಲೆ

ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಈಗ ಸೇರುತ್ತಿರುವವರಿಗೆ ನನ್ನ ಬಡ್ತಿಯ ಕಥೆಯಿಂದ ಏನೂ ಪ್ರಯೋಜನವಿಲ್ಲ. ಬಡ್ತಿ ಸಿಕ್ಕದ್ದೇ ಎರಡು ಸಲ, ಅದೂ ಆಫೀಸಿನಲ್ಲಿ ಬೇರೆ ಯಾರೂ ಉಳಿಯದಿದ್ದಾಗ. ಆದ್ದರಿಂದ ಒಂದೇ ವಿಷಯ ಹಿಡಿದುಕೊಂಡು ಹೇಳುತ್ತೇನೆ: ಹೆಸರಿಲ್ಲದ ಫಂಕ್ಷನ್.

ಫಂಕ್ಷನ್ ಅಂದರೆ ಕಂಪ್ಯೂಟರಿಗೆ ಹೇಳಿಕೊಟ್ಟ ಒಂದು ಸಣ್ಣ ಕೆಲಸ. ಅದಕ್ಕೊಂದು ಹೆಸರಿಡುತ್ತೇವೆ, ಬೇಕಾದಾಗ ಹೆಸರು ಹಿಡಿದು ಕರೆಯುತ್ತೇವೆ, ಅದು ಬಂದು ಕೆಲಸ ಮಾಡಿಹೋಗುತ್ತದೆ. ಹೆಸರಿಲ್ಲದ್ದು ಹಾಗಲ್ಲ. ಕೆಲಸವನ್ನು ಅಲ್ಲೇ, ಬೇಕಾದ ಜಾಗದಲ್ಲೇ, ಆವರಣದೊಳಗೆ ಬರೆದು ಇನ್ನೊಂದು ಫಂಕ್ಷನ್ನಿನ ಕೈಗೆ ಕೊಟ್ಟುಬಿಡುತ್ತೇವೆ. ಈಗಿನವರು ದಿನಕ್ಕೆ ಐವತ್ತು ಬರೆಯುತ್ತಾರೆ, ಬರೆದದ್ದು ಅವರಿಗೇ ಗೊತ್ತಾಗುವುದಿಲ್ಲ. ನಾನು ಮೊದಲನೆಯದನ್ನು ಬರೆದಾಗ ಆಫೀಸಿನಲ್ಲಿ ಜಗಳವಾಗಿತ್ತು. ಕೊನೆಕೊನೆಗೆ ಬರೆದ ಒಂದು, ಒಬ್ಬ ಹೆಣ್ಣುಮಗಳ ತೋಟದ ಅರ್ಧ ದ್ರಾಕ್ಷಿಯನ್ನು ತಿಂದಿತು.

ನಾನು ಬಬಲೇಶ್ವರದವಳು. ದಿನಾ ಬಸ್ಸಿಗೆ ಬಂದು ವಿಜಯಪುರದಲ್ಲಿ ಬಿ.ಎಸ್ಸಿ. ಗಣಿತ ಮುಗಿಸಿದೆ. ಮುಗಿದ ವರ್ಷವೇ ಸೊಲ್ಲಾಪುರ ರಸ್ತೆಯ ಒಂದು ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕೆಳಗೆ ಪಂಪಿನ ಮೋಟಾರು ಸುತ್ತುವ ಅಂಗಡಿ, ಮೇಲೆ ನಾವು. ಕೆಳಗಿನವರು ಸುತ್ತಿಗೆ ಹಿಡಿದರೆ ನಮ್ಮ ಟೇಬಲ್ಲಿನ ಮೇಲಿನ ಪೆನ್ನು ಉರುಳುತ್ತಿತ್ತು. ಎರಡು ಕಂಪ್ಯೂಟರು, ಎರಡಕ್ಕೂ ಹೂವಿನ ಬಟ್ಟೆಯ ಮುಸುಕು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು.

ಆಫೀಸಿನ ಯಜಮಾನರು ಬಿರಾದಾರ ಸರ್. ಮೊದಲು ನೀರಾವರಿ ನಕ್ಷೆ ಬರೆಯುತ್ತಿದ್ದವರು, ನಡುವಯಸ್ಸಿನಲ್ಲಿ ಕಂಪ್ಯೂಟರ್ ಕಲಿತು ಸ್ವಂತ ಕೆಲಸ ಶುರು ಮಾಡಿದ್ದರು. ನಕ್ಷೆಯವರ ಶಿಸ್ತು ಅವರನ್ನು ಬಿಟ್ಟಿರಲಿಲ್ಲ. ಒಂದು ದೊಡ್ಡ ರಜಿಸ್ಟರ್ ಇಟ್ಟಿದ್ದರು. ಆಫೀಸಿನಲ್ಲಿ ಯಾರು ಯಾವ ಫಂಕ್ಷನ್ ಬರೆದರೂ ಅದರ ಹೆಸರು, ಅದು ಮಾಡುವ ಕೆಲಸ, ಬರೆದವರ ಹೆಸರು, ಮೂರನ್ನೂ ಕೈಯಲ್ಲಿ ಅದರಲ್ಲಿ ಬರೆಯಬೇಕು. ಆಗ ನಾವು ಬಳಸುತ್ತಿದ್ದದ್ದು ಕ್ಲಿಪ್ಪರ್ ಎಂಬ ಭಾಷೆ. ಅದು ಹೆಸರಿನ ಮೊದಲ ಹತ್ತು ಅಕ್ಷರ ಮಾತ್ರ ನೋಡುತ್ತಿತ್ತು, ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹತ್ತು ಅಕ್ಷರದಲ್ಲಿ ಹೆಸರು ಕಟ್ಟುವುದೇ ಅರ್ಧ ದಿನದ ಕೆಲಸವಾಗಿತ್ತು.

ಎರಡನೆಯ ವರ್ಷ ತಿಕೋಟಾದ ಒಂದು ಕೋಲ್ಡ್ ಸ್ಟೋರೇಜಿನ ಕೆಲಸ ಬಂತು. ಸುತ್ತಲಿನ ತೋಟದವರು ಒಣದ್ರಾಕ್ಷಿಯ ಪೆಟ್ಟಿಗೆ ತಂದು ಅಲ್ಲಿ ಇಡುತ್ತಿದ್ದರು. ಯಾವ ಪೆಟ್ಟಿಗೆ ಯಾವ ಕೋಣೆಯಲ್ಲಿದೆ ಅನ್ನುವ ಪಟ್ಟಿ ಬೇಕು. ಒಬ್ಬರು ಬಂದ ದಿನದ ಪ್ರಕಾರ ಕೇಳುತ್ತಾರೆ, ಇನ್ನೊಬ್ಬರು ಬಣ್ಣದ ಪ್ರಕಾರ, ಮತ್ತೊಬ್ಬರು ಊರಿನ ಪ್ರಕಾರ. ಪ್ರತಿ ಸಲಕ್ಕೂ ಪಟ್ಟಿ ಜೋಡಿಸುವ ಬೇರೆ ಬೇರೆ ಫಂಕ್ಷನ್ ಬರೆದು ನನಗೆ ಬೇಸರ ಬಂದಿತ್ತು. ಕ್ಲಿಪ್ಪರಿನ ದಪ್ಪ ಪುಸ್ತಕ ತಿರುವುತ್ತಿರುವಾಗ ಕೋಡ್ ಬ್ಲಾಕ್ ಅನ್ನುವ ಅಧ್ಯಾಯ ಕಣ್ಣಿಗೆ ಬಿತ್ತು. ಶಾಲೆಯಲ್ಲಿ ನಾವು ಪುಷ್ಪಾವರಣ ಅಂತ ಕಲಿತ ಆವರಣ, ಒಳಗೆ ಎರಡು ನೆಟ್ಟಗಿನ ಗೆರೆ, ಮುಂದೆ ಒಂದು ಸಾಲಿನ ಕೆಲಸ. ಹೆಸರು ಇಲ್ಲ. ಪಟ್ಟಿ ಜೋಡಿಸುವ ಫಂಕ್ಷನ್ ಒಂದೇ ಇದ್ದರೆ ಸಾಕು, ಎರಡು ಪೆಟ್ಟಿಗೆಗಳಲ್ಲಿ ಯಾವುದು ಮುಂದೆ ಬರಬೇಕು ಅನ್ನುವುದನ್ನಷ್ಟೇ ಬ್ಲಾಕಿನಲ್ಲಿ ಬರೆದು ಅದರ ಕೈಗೆ ಕೊಡಬಹುದು. ಆರು ಪುಟದ ಪ್ರೋಗ್ರಾಂ ಒಂದೂವರೆ ಪುಟಕ್ಕೆ ಇಳಿಯಿತು. ಖುಷಿಯಿಂದ ಸರ್ ಮುಂದೆ ತಂದಿಟ್ಟೆ.

ಅವರು ರಜಿಸ್ಟರ್ ತೆಗೆದರು. ಪೆನ್ನಿನ ಕ್ಯಾಪ್ ಬಿಚ್ಚಿದರು.

"ಇದರ ಹೆಸರೇನವಾ?"

"ಹೆಸರಿಲ್ರಿ ಸರ್."

"ಹೆಸರಿಲ್ದ ಇದನ್ನ ಹೆಂಗ ಕರೀತಿ?"

"ಕರೆಯೂದಿಲ್ರಿ. ಕೈಯಾಗ ಕೊಡೂದು. ಈಗ ಒಣದ್ರಾಕ್ಷಿ ಆರಿಸೋ ಶೆಡ್ಡಿನ್ಯಾಗ ಹೆಣ್ಮಕ್ಕಳು ಕುಂತಿರ್ತಾರಲ್ರಿ, ಆರಿಸೂದು ಅವರಿಗೆ ಗೊತ್ತು. ಇವತ್ತು ಬಣ್ಣ ನೋಡಿ ಆರಸ್ರಿ ಅಂತ ನಾವು ಒಂದು ಮಾತು ಹೇಳ್ತೀವಿ. ಆ ಮಾತಿಗೆ ಹೆಸರ ಯಾಕ ಬೇಕು?"

ಸರ್ ಪೆನ್ನಿಗೆ ಮತ್ತೆ ಕ್ಯಾಪ್ ಹಾಕಿದರು. ಆಮೇಲೆ ದನಿ ಏರಿಸಿದರು. "ನೀ ನಾಳೆ ಲಗ್ನ ಆಗಿ ಹ್ವಾದ್ರ ಇದನ್ನ ಓದೋರು ಯಾರು? ಹೆಸರಿದ್ರ ಹುಡುಕ್ಯಾಡಬಹುದು. ಇದನ್ನ ಏನಂತ ಹುಡುಕೂದು?"

ನನಗೂ ಸಿಟ್ಟು ಬಂತು. "ಲಗ್ನದ ಮಾತು ಯಾಕ ಬಂತ್ರಿ ಇಲ್ಲಿ" ಅಂದುಬಿಟ್ಟೆ. ಇಡೀ ಆಫೀಸು ಅಂದರೆ ನಾವು ನಾಲ್ಕು ಜನ. ಉಳಿದಿಬ್ಬರು ತಲೆ ತಗ್ಗಿಸಿ ಕುಳಿತರು. ಸಂಜೆ ಹೊರಡುವ ಮುಂಚೆ ಸರ್ ತಾವೇ ಬಂದು, "ಲಗ್ನದ ಮಾತು ಅನಬಾರದಿತ್ತು. ಆದ್ರ ಪ್ರಶ್ನೆ ಅಲ್ಲೇ ಐತಿ, ಓದೋರು ಯಾರು?" ಅಂದರು. ರಜಿಸ್ಟರ್‌ನಲ್ಲಿ ಹೆಸರಿನ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದು, ಮುಂದೆ ನನ್ನ ಹೆಸರು ಬರೆದುಕೊಂಡರು.

ಅವರ ಪ್ರಶ್ನೆಗೆ ಉತ್ತರ ಎರಡೇ ತಿಂಗಳಲ್ಲಿ ಬಂತು. ಬ್ಲಾಕಿನ ರುಚಿ ಹತ್ತಿದ ಮೇಲೆ ನಾನು ಎಲ್ಲದಕ್ಕೂ ಅದನ್ನೇ ಬರೆಯತೊಡಗಿದ್ದೆ. ಒಂದೇ ಫಂಕ್ಷನ್ನಿನ ಹೊಟ್ಟೆಯೊಳಗೆ ಹನ್ನೊಂದು ಬ್ಲಾಕ್ ತುಂಬಿದ್ದೆ. ಒಂದು ದಿನ ತಿಕೋಟಾದಿಂದ ಅಲ್ಲಿನ ಗುಮಾಸ್ತ ಸಿದ್ದಣ್ಣನ ಫೋನು ಬಂತು.

"ಮೇಡಂ, ಪಡದೆ ಮ್ಯಾಲ ಕೆಂಪಗ ಬಂದು ನಿಂತೈತ್ರಿ. ಬ್ರ್ಯಾಕೆಟ್ಟಿನ್ಯಾಗ ಬಿ ಅಂತ ಐತಿ. ಮುಂದ ಪಟ್ಟಿ ಅನ್ನೋ ಹೆಸರೈತಿ."

ಬ್ರ್ಯಾಕೆಟ್ಟಿನಲ್ಲಿ ಬಿ ಅಂದರೆ ಆ ಫಂಕ್ಷನ್ನಿನೊಳಗಿನ ಯಾವುದೋ ಒಂದು ಬ್ಲಾಕು ಕೆಟ್ಟಿದೆ ಅಂತ ಅರ್ಥ. ಹನ್ನೊಂದರಲ್ಲಿ ಯಾವುದು? ಅದಕ್ಕೆ ಹೆಸರಿದ್ದರೆ ಸಿದ್ದಣ್ಣ ಓದಿ ಹೇಳುತ್ತಿದ್ದ, ನಾನು ಫೋನಿನಲ್ಲೇ ದಾರಿ ತೋರಿಸುತ್ತಿದ್ದೆ. ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಹೊರಗೆ ಪೆಟ್ಟಿಗೆ ಒಯ್ಯಲು ಬಂದವರು ಟ್ರ್ಯಾಕ್ಟರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಸಿದ್ದಣ್ಣ ಅವರಿಗೆಲ್ಲ ಚಹಾ ತರಿಸಿ, ನನ್ನ ಪಕ್ಕದಲ್ಲಿ ನಿಂತಿದ್ದ. ಒಂದೊಂದೇ ಬ್ಲಾಕು ತೆಗೆದು ನೋಡುತ್ತ ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಬಂದ ದಿನಾಂಕ ಬರೆಯದೆ ಬಿಟ್ಟ ಒಂದು ಪೆಟ್ಟಿಗೆ ಅದರ ಕಾಲಿಗೆ ಸಿಕ್ಕಿಕೊಂಡಿತ್ತು.

ವಾಪಸು ಬಂದು ಹನ್ನೊಂದರಲ್ಲಿ ಏಳನ್ನು ಕಿತ್ತು ಹೆಸರಿಟ್ಟೆ. ನಾಲ್ಕನ್ನು ಹಾಗೇ ಬಿಟ್ಟೆ. ಅಂದಿನಿಂದ ನಾನು ಪಾಲಿಸಿದ್ದು ಇಷ್ಟು: ಒಂದೇ ಉಸಿರಿನಲ್ಲಿ ಓದಿ ಮುಗಿಯುವುದಾದರೆ ಹೆಸರು ಬೇಡ, ಪಕ್ಕದವರಿಗೆ ವಿವರಿಸಿ ಹೇಳಬೇಕಾದರೆ ಹೆಸರು ಬೇಕು. ಸರ್‌ಗೆ ಹೇಳಿದೆ. ಅವರು ನಗಲಿಲ್ಲ, ಹೇಳಿದ್ದೆನಲ್ಲ ಅಂತಲೂ ಅನ್ನಲಿಲ್ಲ. "ನಾಕು ಉಳಿಸೀಯಲ್ಲ, ಅವು ಯಾವು ತೋರ್ಸು" ಅಂದು ಕುರ್ಚಿ ಎಳೆದುಕೊಂಡರು. ಅವತ್ತು ಐವತ್ತು ದಾಟಿದ ಆ ಮನುಷ್ಯ ನನ್ನಿಂದ ಕೋಡ್ ಬ್ಲಾಕ್ ಬರೆಯುವುದನ್ನು ಕಲಿತರು. ಮೇಲಿನವರು ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನನಗೆ ಆ ಕುರ್ಚಿ ಎಳೆದ ಸದ್ದು ನೆನಪಾಗುತ್ತದೆ.

ಕಾಲ ಬದಲಾಯಿತು. ಕ್ಲಿಪ್ಪರ್ ಹೋಯಿತು, ಬೇರೆ ಭಾಷೆಗಳು ಬಂದು ಹೋದವು, ಇಂಟರ್ನೆಟ್ ಬಂತು, ಅದರ ಹಿಂದೆ ಜಾವಾಸ್ಕ್ರಿಪ್ಟ್ ಬಂತು. ಅದರಲ್ಲಿ ನೋಡಿದರೆ ಎಲ್ಲೆಲ್ಲೂ ಹೆಸರಿಲ್ಲದ ಫಂಕ್ಷನ್ನುಗಳೇ. ಯಾಕೆಂದರೆ ಅಲ್ಲಿ ಕೆಲಸ ಕೂಡಲೇ ಆಗುವುದಿಲ್ಲ. ದೂರದ ಕಂಪ್ಯೂಟರಿಗೆ ಏನೋ ಕೇಳಿರುತ್ತೇವೆ, ಅದು ಯಾವಾಗಲೋ ಉತ್ತರ ಕೊಡುತ್ತದೆ. ಉತ್ತರ ಬಂದಾಗ ಇದನ್ನು ಮಾಡು ಅಂತ ಒಂದು ಕೆಲಸವನ್ನು ಆವರಣದಲ್ಲಿ ಕಟ್ಟಿಟ್ಟು ನಾವು ಮುಂದೆ ಹೋಗುತ್ತೇವೆ. ಕಟ್ಟಿಡುವುದು ಈಗ, ಬಿಚ್ಚುವುದು ಆಮೇಲೆ. ಈ ನಡುವಿನ ಹೊತ್ತನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಒಂದು ಸಂಘ ನಮ್ಮಲ್ಲಿಗೆ ಬಂತು. ತಿಕೋಟಾ, ಹೊನವಾಡದಿಂದ ಬಬಲೇಶ್ವರದವರೆಗೆ ಮೂವತ್ತಕ್ಕೂ ಹೆಚ್ಚು ತೋಟಗಳಲ್ಲಿ ಹವಾಮಾನ ಅಳೆಯುವ ಸಣ್ಣ ಯಂತ್ರ ನಿಲ್ಲಿಸಿದ್ದರು. ಗಾಳಿಯ ತೇವ, ಬಿಸಿಲು, ಎಲೆ ಎಷ್ಟು ಹೊತ್ತು ಹಸಿಯಾಗಿತ್ತು, ಇಷ್ಟನ್ನು ಅದು ಅಳೆಯುತ್ತದೆ. ಅದರ ಮೇಲಿಂದ ಪ್ರತಿ ತೋಟದವರ ಮೊಬೈಲಿಗೆ ಬೆಳಿಗ್ಗೆ ಒಂದು ಸಂದೇಶ ಹೋಗಬೇಕು: ಇವತ್ತು ಡೌನಿ ರೋಗದ ಭಯವಿದೆ, ಔಷಧ ಹೊಡೆಯಿರಿ, ಅಥವಾ ಎಲೆ ಒಣಗಿದೆ, ಇವತ್ತು ಬೇಡ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿದ ಮೇಲೆ ಹೂ ಬಿಡುವ ಹೊತ್ತಿಗೆ ಎಲೆಯ ಮೇಲೆ ನೀರು ನಿಂತರೆ ಈ ಬೂಜು ರೋಗ ಮೂರು ದಿನದಲ್ಲಿ ಗೊನೆಗೆ ಇಳಿಯುತ್ತದೆ. ಸುಮ್ಮನೆ ದಿನಾ ಔಷಧ ಹೊಡೆದರೂ ಕೆಡುಕು, ಹೊಡೆಯಬೇಕಾದ ದಿನ ಬಿಟ್ಟರೂ ಕೆಡುಕು.

ಸಂದೇಶ ಕಳಿಸುವ ಭಾಗವನ್ನು ನಾನೇ ಬರೆದೆ. ಆಗ ಆಫೀಸಿನಲ್ಲಿ ಅಶ್ವಿನಿ ಅನ್ನುವ ಹುಡುಗಿ ಹೊಸದಾಗಿ ಸೇರಿದ್ದಳು, ವಿಜಯಪುರದವಳೇ, ಚುರುಕು. ಬರೆದದ್ದನ್ನು ನೋಡುತ್ತೇನೆ ಅಂದಳು. "ಇರಲಿಬಿಡವಾ, ಇಪ್ಪತ್ತು ಸಾಲಿನ ಕೆಲಸ" ಅಂದೆ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿದೆವು. ಎಲ್ಲರಿಗೂ ಎಲೆ ಒಣಗಿದೆ ಅಂತ ಸಂದೇಶ ಹೋಯಿತು. ಬೇಸಿಗೆಯಲ್ಲಿ ಎಲ್ಲರ ಎಲೆಯೂ ಒಣಗಿಯೇ ಇರುತ್ತದೆ. ಸರಿಯಿದೆ ಅಂದುಕೊಂಡೆವು.

ನವೆಂಬರಿನಲ್ಲಿ ಮೋಡ ಕವಿದು ಎರಡು ದಿನ ಜಿಟಿಜಿಟಿ ಮಳೆಯಾಯಿತು. ಮರುದಿನ ಬೆಳಿಗ್ಗೆ ಹೊನವಾಡದಿಂದ ನೀಲವ್ವನ ಫೋನು. ನೀಲವ್ವ ಆ ಭಾಗದಲ್ಲಿ ಯಂತ್ರ ನಿಲ್ಲಿಸಲು ಮೊದಲು ಒಪ್ಪಿದವಳು. ಅವಳು ಒಪ್ಪಿದ್ದು ನೋಡಿ ಊರಿನ ಇನ್ನೂ ಐದಾರು ಮಂದಿ ಒಪ್ಪಿದ್ದರು. ಗಂಡ ಸೋಯಾ, ತೊಗರಿಯ ಹೊಲ ನೋಡಿಕೊಂಡರೆ ದ್ರಾಕ್ಷಿ ತೋಟ ಪೂರ್ತಿ ಅವಳ ಕೈಯಲ್ಲಿತ್ತು.

"ಮೇಡಂ, ನಿಮ್ಮ ಮಶೀನು ಎಲಿ ಒಣಗೇತಿ ಅಂತ ಹೇಳಾಕತ್ತೈತಿ. ನಾ ಎಲಿ ಕೈಯಾಗ ಹಿಡಕೊಂಡ ನಿಂತೇನಿ. ನೀರ ಸೋರಾಕತ್ತೈತ್ರಿ."

ಇಲ್ಲಿ ನಾನು ಏನು ಹೇಳಿದೆ ಅನ್ನುವುದನ್ನು ಬಚ್ಚಿಡದೆ ಬರೆಯುತ್ತೇನೆ. "ನೀಲವ್ವಾರ, ಸೆನ್ಸಾರ್ ಮ್ಯಾಲ ಧೂಳ ಕುಂತಿರಬೇಕು, ಒರಸ್ರಿ. ಮಶೀನು ಇಡೀ ದಿನದ ಲೆಕ್ಕಾ ಹಿಡದು ಹೇಳ್ತೈತಿ, ನೀವು ಮುಂಜಾನಿ ಒಂದ್ ಎಲಿ ನೋಡಿ ಹೇಳಾಕತ್ತೀರಿ" ಅಂದೆ. ದನಿಯಲ್ಲಿ ಸ್ವಲ್ಪ ಅವಸರವೂ ಇತ್ತು. "ಆತ್ರಿ" ಅಂದು ಅವಳು ಫೋನಿಟ್ಟಳು.

ಮರುದಿನ ಅವಳು ಫೋನು ಮಾಡಲಿಲ್ಲ. ನಾಲ್ಕನೆಯ ದಿನ ಸಂಘದವರು ಮಾಡಿದರು. ಹೊನವಾಡದಲ್ಲಿ ಡೌನಿ ಬಿದ್ದಿದೆ, ನೀಲವ್ವನ ತೋಟದಲ್ಲಿ ಜೋರಾಗಿದೆ, ನಿಮ್ಮ ಸಂದೇಶ ನಂಬಿ ಔಷಧ ಹೊಡೆದಿಲ್ಲ.

ಅರ್ಧ ಗಂಟೆಯಲ್ಲಿ ಬಸ್ಸಿನಲ್ಲಿದ್ದೆ. ಬರೆದ ಇಪ್ಪತ್ತು ಸಾಲನ್ನು ಮುದ್ರಿಸಿಕೊಂಡು ಕೈಯಲ್ಲಿ ಹಿಡಿದಿದ್ದೆ. ಆದರೆ ದಾರಿಯುದ್ದಕ್ಕೂ ನನ್ನ ಮನಸ್ಸು ಯಂತ್ರದ ಕಡೆಗೇ ಬೆರಳು ತೋರಿಸುತ್ತಿತ್ತು. ವೈರು ಕಿತ್ತಿರಬೇಕು, ಬ್ಯಾಟರಿ ಹೋಗಿರಬೇಕು, ಯಾರೋ ಬುಡ ತಿರುಗಿಸಿರಬೇಕು. ನನ್ನ ಸಾಲುಗಳನ್ನು ಒಮ್ಮೆಯೂ ಓದಲಿಲ್ಲ.

ನೀಲವ್ವ ತೋಟದೊಳಗೆ ಕರೆದುಕೊಂಡು ಹೋದಳು. ಒಂದು ಎಲೆ ಕಿತ್ತು ಕೈಗೆ ಕೊಟ್ಟಳು. ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಹಿಂದೆ ತಿರುಗಿಸಿದರೆ ಬಿಳಿ ಹತ್ತಿ ಅಂಟಿದ ಹಾಗೆ. ಹೂ ಬಿಟ್ಟ ಗೊನೆಗಳು ಕಂದು ತಿರುಗಿ ಮುದುಡಿದ್ದವು. ಸಾಲಿನಿಂದ ಸಾಲಿಗೆ ಹಾಗೇ ಇತ್ತು.

ಅಷ್ಟರಲ್ಲಿ ಪಕ್ಕದ ತೋಟದ ಗಂಡಸೊಬ್ಬರು ಬಂದು ತಮ್ಮ ಮೊಬೈಲು ತೋರಿಸಿದರು. "ನನಗೂ ಇದ ಬಂದೈತ್ರಿ. ನಾ ನಂಬಲಿಲ್ಲ, ಹೊಡದ್ನಿ." ಅವರ ಸಂದೇಶ ಓದಿದೆ. ನೀಲವ್ವನ ಮೊಬೈಲು ಇಸಿದುಕೊಂಡು ಅದನ್ನೂ ಓದಿದೆ. ಎರಡನ್ನೂ ಪಕ್ಕಪಕ್ಕ ಹಿಡಿದು, ಸಲಹೆಯ ಕೆಳಗೆ ಬರುವ ಅಂಕಿಗಳನ್ನು ಹೋಲಿಸಿದೆ. ಗಾಳಿಯ ತೇವ ಇಬ್ಬರದೂ ಒಂದೇ. ಬಿಸಿಲು ಒಂದೇ. ದಶಾಂಶದ ಎರಡನೆಯ ಅಂಕಿಯವರೆಗೂ ಒಂದೇ. ಎರಡು ತೋಟದ ನಡುವೆ ಒಂದು ಹಳ್ಳವಿದೆ, ಒಂದು ತಗ್ಗಿನಲ್ಲಿದೆ, ಒಂದು ದಿನ್ನೆಯಲ್ಲಿದೆ. ಅಂಕಿಗಳು ಹೀಗೆ ಒಂದಾಗಲು ಸಾಧ್ಯವೇ ಇಲ್ಲ. ತಪ್ಪು ಯಂತ್ರದ್ದಲ್ಲ.

ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ಆ ಇಪ್ಪತ್ತು ಸಾಲನ್ನು ಬೇರೆ ಯಾರೋ ಬರೆದದ್ದು ಅನ್ನುವ ಹಾಗೆ ಓದಿದೆ. ಎರಡು ನಿಮಿಷವೂ ಬೇಕಾಗಲಿಲ್ಲ. ನಾನು ತೋಟಗಳ ಪಟ್ಟಿ ಹಿಡಿದು ಒಂದೊಂದರ ಮೇಲೂ ಹೋಗುತ್ತ, ಪ್ರತಿ ತೋಟಕ್ಕೂ ಒಂದು ಫೋನ್ ನಂಬರು, ಅದರ ಜೊತೆಗೆ ಈ ತೋಟದ ಸಲಹೆ ತಯಾರಿಸು ಅನ್ನುವ ಒಂದು ಹೆಸರಿಲ್ಲದ ಫಂಕ್ಷನ್, ಎರಡನ್ನೂ ಸರದಿಯಲ್ಲಿ ಇಟ್ಟಿದ್ದೆ. ನಂಬರು ಅಲ್ಲೇ ಆಗಲೇ ಬರೆದಾಗಿತ್ತು, ಅದು ಸರಿ. ಫಂಕ್ಷನ್ ಮಾತ್ರ ತನ್ನ ಸರದಿ ಬಂದಾಗ ಕೆಲಸ ಶುರು ಮಾಡುತ್ತಿತ್ತು. ಆಗ ಅದು ಈ ತೋಟ ಅಂದರೆ ಯಾವುದು ಅಂತ ತಿರುಗಿ ನೋಡುವಷ್ಟರಲ್ಲಿ ನಾನು ಪಟ್ಟಿಯ ಕೊನೆ ಮುಟ್ಟಿದ್ದೆ. ಈ ತೋಟ ಅಂದರೆ ಪಟ್ಟಿಯ ಕೊನೆಯ ತೋಟ. ಅದು ಬಬಲೇಶ್ವರದ ಕಡೆಯದು, ಆ ಎರಡು ದಿನವೂ ಮಳೆ ಬೀಳದ ಗಾಳಿ ದಿನ್ನೆ. ಅವರ ಒಣಗಿದ ಎಲೆಯ ಸುದ್ದಿಯನ್ನು ನಾನು ಮೂವತ್ತು ಮನೆಗೆ ಹಂಚಿದ್ದೆ.

ಅಶ್ವಿನಿಗೆ ಫೋನು ಹಚ್ಚಿದೆ. "ಮೊದಲ ಕಳಿಸೂದು ನಿಲ್ಲಸು."

"ನಿಲ್ಲಿಸಿದ್ನಿ ಮೇಡಂ. ಏನಾತ್ರಿ?"

"ತಪ್ಪು ನಂದು. ಆಮ್ಯಾಲ ಹೇಳ್ತೀನಿ. ಈಗ ಒಂದೊಂದು ತೋಟದ್ದು ಫೋನ್ ನಂಬರು, ಖರೇ ಅಂಕಿ ಓದ್ತಾ ಹೋಗು, ನಾ ಬರಕೋತೀನಿ."

ಅವಳು ಓದಿದಳು, ನಾನು ಮುದ್ರಿಸಿದ ಹಾಳೆಯ ಹಿಂದೆ ಬರೆದುಕೊಂಡೆ. ಆಮೇಲೆ ಅಲ್ಲೇ ಕುಳಿತು ಒಬ್ಬೊಬ್ಬರಿಗೂ ಫೋನು ಮಾಡಿದೆ. ನಿಮಗೆ ಬಂದ ಸಂದೇಶ ತಪ್ಪು, ನಿಮ್ಮ ತೋಟದ ಎಲೆ ಇಷ್ಟು ತಾಸು ಹಸಿಯಿತ್ತು, ಇವತ್ತೇ ಔಷಧ ಹೊಡೆಯಿರಿ. ಕೆಲವರು ತಮ್ಮ ಕಣ್ಣು ನಂಬಿ ಆಗಲೇ ಹೊಡೆದಿದ್ದರು. ಒಬ್ಬರು ಬೈದರು, ಕೇಳಿಸಿಕೊಂಡೆ. ಹತ್ತಿರದ ತೋಟದ ಒಬ್ಬರು ಫೋನಿಟ್ಟದ್ದೇ ತಡ, ಔಷಧ ಸಿಂಪಡಿಸುವ ಬ್ಲೋವರ್ ಹೂಡಿದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ನಡುವೆ ನನ್ನ ಮೊಬೈಲಿನ ಚಾರ್ಜು ಮುಗಿಯಿತು. ನೀಲವ್ವ ತನ್ನದನ್ನು ಮುಂದೆ ಹಿಡಿದಳು. ಅವಳ ಫೋನಿನಿಂದಲೇ ಉಳಿದವರಿಗೆ ಹೇಳಿದೆ.

ಎಲ್ಲ ಮುಗಿದ ಮೇಲೆ ಅವಳಿಗೆ ಹೇಳಿದೆ. "ನೀಲವ್ವಾರ, ಮಶೀನ್ ಸರಿ ಇತ್ತು. ತಪ್ಪು ನಾ ಮಾಡೇನಿ."

"ಅದು ನನಗ ತಿಳೀತ್ರಿ, ನೀವು ಫೋನಿನ್ಯಾಗ ಹೇಳೂದು ಕೇಳಿದ್ನಲ್ಲ" ಅಂದಳು. "ತಪ್ಪ ಬರದೀರಿ ಅಂತ ನನಗ ಸಿಟ್ಟಿಲ್ಲ ಮೇಡಂ. ನಾ ಎಲಿ ಕೈಯಾಗ ಹಿಡಕೊಂಡ ಹೇಳಿದ್ನಿ. ನೀವು ಧೂಳ ಒರಸು ಅಂದ್ರಿ. ನಾ ಒರಸಿದ್ನಿ. ಹತ್ತ ವರ್ಷಾತು ಈ ತೋಟ ಮಾಡಾಕತ್ತು, ಅವತ್ತು ನನ್ನ ಕಣ್ಣ ಮ್ಯಾಲ ನನಗ ನಂಬಿಗಿ ಹೋಗಿತ್ತು."

ನಾನು ಹಾಳೆ ಮಡಚಿಕೊಂಡು ಎದ್ದೆ. ಅವಳು ನನ್ನನ್ನು ಬಸ್ಸಿನವರೆಗೆ ಕಳಿಸಲು ಬರಲಿಲ್ಲ. ಬರಲಿ ಅಂತ ನಾನೂ ಎಣಿಸಲಿಲ್ಲ.

ಆಫೀಸಿಗೆ ಬಂದಾಗ ಅಶ್ವಿನಿ ಸಾಲುಗಳನ್ನು ತೆರೆದಿಟ್ಟುಕೊಂಡು ಕುಳಿತಿದ್ದಳು. ತಪ್ಪು ಅವಳಿಗೂ ಕಂಡಿತ್ತು. ಜಾವಾಸ್ಕ್ರಿಪ್ಟಿನಲ್ಲಿ ಈಗ ಒಂದು ಬೇರೆ ಶಬ್ದವಿದೆ. ಅದನ್ನು ಬಳಸಿದರೆ ಪ್ರತಿ ಸುತ್ತಿಗೂ ತೋಟದ ಹೆಸರು ಹೊಸದಾಗಿ ಹುಟ್ಟುತ್ತದೆ, ಒಂದೊಂದು ಫಂಕ್ಷನ್ನೂ ತನ್ನ ತನ್ನದನ್ನೇ ಹಿಡಿದುಕೊಂಡಿರುತ್ತದೆ. ನಾನು ಹಳೆಯ ಅಭ್ಯಾಸದಲ್ಲಿ ಹಳೆಯ ಶಬ್ದವನ್ನೇ ಬರೆದಿದ್ದೆ. ಅಶ್ವಿನಿ ಮೂರಕ್ಷರದ ಒಂದು ಶಬ್ದ ಅಳಿಸಿ ಮೂರಕ್ಷರದ ಇನ್ನೊಂದು ಬರೆದಳು. ಅಷ್ಟೇ ದುರಸ್ತಿ. ಅವಳು ಆ ಇಪ್ಪತ್ತು ಸಾಲನ್ನು ನೋಡುತ್ತೇನೆ ಅಂದ ದಿನ ತೋರಿಸಿದ್ದರೆ ಅವತ್ತೇ ಆಗುತ್ತಿತ್ತು. ಅವಳು ಆ ಮಾತು ಎತ್ತಲಿಲ್ಲ. ನಾನೇ ಎತ್ತಿದೆ. "ಇನ್ನ ಮುಂದ ನನ್ನ ಒಂದು ಸಾಲನ್ನೂ ನೀ ನೋಡದ ಕಳಿಸಬ್ಯಾಡ" ಅಂದೆ. ಅವಳಿಗೆ ಕಣ್ಣು ತುಂಬಿತು. ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ. ತನ್ನ ಕೆಲಸ ಹೋಗುತ್ತದೆ ಅಂತ ಅವಳು ಮಧ್ಯಾಹ್ನದಿಂದ ಹೆದರಿ ಕುಳಿತಿದ್ದಳಂತೆ.

ಆ ವಾರ ತಿಕೋಟಾದಲ್ಲಿ ಬೆಳೆಗಾರರ ಸಭೆ ಕರೆದರು. ಸಭೆಗೆ ಮುಂಚೆ ಸಂಘದ ಕಾರ್ಯದರ್ಶಿ ನನ್ನನ್ನು ಬದಿಗೆ ಕರೆದು ಹೇಳಿದರು. "ಸೆನ್ಸಾರ್ ಕೆಟ್ಟಿತ್ತು ಅಂತ ಹೇಳಿಬಿಡ್ರಿ ಮೇಡಂ. ಮಶೀನಿನ ಮ್ಯಾಲ ಹಾಕಿದ್ರ ಯಾರಿಗೂ ನೋವಿಲ್ಲ. ನೀವು ನಂದ ತಪ್ಪು ಅಂದ್ರ ಈ ಮಂದಿ ಇಡೀ ಯೋಜನೆ ಕಿತ್ತ ಒಗೀತಾರ." ಅವರು ಕೆಟ್ಟವರಲ್ಲ. ಆ ಯೋಜನೆಗಾಗಿ ಎರಡು ವರ್ಷ ಓಡಾಡಿದ್ದರು. ನನಗೆ ಒಂದು ಕ್ಷಣ ಹಾಗೇ ಹೇಳೋಣ ಅನಿಸಿತು, ಅದೂ ಸುಳ್ಳಲ್ಲ.

ಬಿರಾದಾರ ಸರ್‌ಗೆ ಆಗ ಎಂಬತ್ತರ ಹತ್ತಿರ. ಕೋಲು ಹಿಡಿದುಕೊಂಡು ಸಭೆಗೆ ಬಂದಿದ್ದರು. ಏನು ಹೇಳಲಿ ಸರ್ ಅಂತ ಕೇಳಿದೆ. "ನೀ ಏನ ಹೇಳ್ತಿ ಹೇಳು. ನಾ ಬಾಜೂಕ ಕುಂದರ್ತೀನಿ" ಅಂದರು.

ಎದ್ದು ನಿಂತು ನಡೆದದ್ದನ್ನು ಹೇಳಿದೆ. ಫಂಕ್ಷನ್, ಆವರಣ ಅಂದರೆ ಅಲ್ಲಿ ಯಾರಿಗೆ ತಿಳಿಯಬೇಕು? ಹೀಗೆ ಹೇಳಿದೆ: "ಚಹಾದ ಅಂಗಡಿಗೆ ಹೋಗಿ, ಈ ಕುರ್ಚಿ ಮ್ಯಾಲ ಕುಂತವರಿಗೆ ಒಂದು ಚಹಾ ಕೊಡು ಅಂತ ಹೇಳಿದ್ನಿ. ಕುಂತವರ ಹೆಸರ ಹೇಳಲಿಲ್ಲ. ಚಹಾ ಬರೋದರಾಗ ಮೊದಲಿನವರು ಎದ್ದು ಹೋಗಿದ್ರು, ಬ್ಯಾರೆಯವರು ಕುಂತಿದ್ರು. ಮೂವತ್ತು ಸಲಾನೂ ಹಿಂಗ ಆತು."

ಮುಂದಿನ ಸಾಲಿನ ಅಜ್ಜ ಒಬ್ಬರು, "ಅಂದ್ರ ಮಶೀನಿಂದು ಏನ ತಪ್ಪಿಲ್ಲ?" ಅಂದರು.

"ಇಲ್ರಿ ಯಜ್ಜಾ. ನಂದು."

ಗದ್ದಲವಾಯಿತು. ಇಬ್ಬರು ಎದ್ದು ಹೋದರು. ನಮ್ಮ ಯಂತ್ರ ನಾಳೆಯೇ ಕಿತ್ತುಕೊಂಡು ಹೋಗಿ ಅಂದರು. ಪರಿಹಾರದ ಮಾತೂ ಬಂತು. ಅದನ್ನು ಸರ್ ಮತ್ತು ಸಂಘದವರು ಬೇರೆ ಕುಳಿತು ಬಗೆಹರಿಸಿದರು, ಅದರ ವಿವರ ಇಲ್ಲಿ ಬೇಡ. ಗದ್ದಲದ ನಡುವೆ ಹಿಂದಿನಿಂದ ನೀಲವ್ವ ಎದ್ದು ನಿಂತಳು. ಹೆಂಗಸರು ಇಬ್ಬರೇ ಇದ್ದ ಸಭೆ ಅದು. ಎಲ್ಲರೂ ಅವಳ ಕಡೆ ತಿರುಗಿದರು, ಯಾಕೆಂದರೆ ಹೆಚ್ಚು ಹೋದದ್ದು ಅವಳದೇ.

"ಕಿತ್ತರ ಏನ ಬಂತು?" ಅಂದಳು. "ಹ್ವಾದ ಗೊನಿ ಬರೂದಿಲ್ಲ. ನಂದೊಂದ ಕೇಳೂದೈತಿ. ಅದು ದಿನಾ ಮುಂಜಾನಿ ನಮಗ ಹೇಳ್ತೈತಿ. ನಾವು ಅದಕ್ಕ ತಿರುಗಿ ಹೇಳಾಕ ದಾರಿ ಎಲ್ಲೈತ್ರಿ?"

ಮೂವತ್ತು ವರ್ಷ ಈ ಕೆಲಸ ಮಾಡಿ ನನಗೆ ಹೊಳೆಯದೇ ಇದ್ದದ್ದು ಅದು. ನಾವು ಸಂದೇಶ ಕಳಿಸುವ ದಾರಿ ಮಾತ್ರ ಕಟ್ಟಿದ್ದೆವು.

ಆ ಚಳಿಗಾಲ ಪೂರ್ತಿ ಅಶ್ವಿನಿ ಮತ್ತು ನಾನು ಆ ದಾರಿ ಕಟ್ಟಿದೆವು. ಸಂದೇಶ ತಪ್ಪು ಅನಿಸಿದರೆ ಬೆಳೆಗಾರರು ಹಸಿ ಅಥವಾ ಒಣ ಅಂತ ಒಂದೇ ಶಬ್ದ ತಿರುಗಿ ಕಳಿಸಬಹುದು. ಯಂತ್ರದ ಮಾತಿಗೂ ಅವರ ಮಾತಿಗೂ ಹೊಂದದಿದ್ದರೆ ಯಂತ್ರದ ಸಲಹೆ ಅಲ್ಲೇ ನಿಲ್ಲುತ್ತದೆ. ನಮ್ಮಲ್ಲೊಬ್ಬರಿಗೆ ಫೋನು ಹೊಡೆದುಕೊಳ್ಳುತ್ತದೆ. ನಾವು ಕೂಡಲೇ ಅವರೊಂದಿಗೆ ಮಾತಾಡಬೇಕು, ಬೇಕಾದರೆ ತೋಟಕ್ಕೆ ಹೋಗಿ ನೋಡಬೇಕು. ಬರೆದದ್ದನ್ನು ಅಶ್ವಿನಿ ನೋಡಿದಳು, ಅವಳದನ್ನು ನಾನು ನೋಡಿದೆ. ಹಸಿ ಅಂತ ಕಳಿಸುವ ತೋಟ, ಒಣ ಅಂತ ಕಳಿಸುವ ತೋಟ, ಎರಡೂ ಒಟ್ಟಿಗೆ ಇರುವ ಹಾಗೆ ಪರೀಕ್ಷೆ ಮಾಡಿದೆವು. ಎಲ್ಲರ ಉತ್ತರವೂ ಒಂದೇ ಆಗಿರುವ ಪರೀಕ್ಷೆ ಪರೀಕ್ಷೆಯಲ್ಲ ಅನ್ನುವುದನ್ನು ನಾನು ಅಷ್ಟು ತಡವಾಗಿ ಕಲಿತೆ. ನೀವು ಬೇಗ ಕಲಿಯಿರಿ.

ಮುಂದಿನ ಹಂಗಾಮು ಬಂತು. ಅದು ನನ್ನ ಕೊನೆಯ ವರ್ಷ. ಹೂ ಬಿಡುವ ಹೊತ್ತಿನಲ್ಲಿ ಒಂದು ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು. ಹೊನವಾಡ, ನೀಲವ್ವನ ತೋಟ. ಯಂತ್ರ ಒಣ ಅನ್ನುತ್ತಿತ್ತು. ಅವಳು ಹಸಿ ಅಂತ ಕಳಿಸಿದ್ದಳು. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಸಿಕ್ಕ ಮೊದಲ ಬಸ್ಸು ಹತ್ತಿದೆ. ವಿಜಯಪುರದಲ್ಲಿ ಆಕಾಶ ನಿಚ್ಚಳವಾಗಿತ್ತು, ತಿಕೋಟಾದಲ್ಲೂ ನಿಚ್ಚಳವಾಗಿತ್ತು. ಆದರೂ ಹೋದ ವರ್ಷದ ಆ ಗೊನೆಗಳೇ ಕಣ್ಣ ಮುಂದೆ. ಹೊನವಾಡದಲ್ಲಿ ಇಳಿದು ತೋಟದ ದಾರಿಯಲ್ಲಿ ಹೆಚ್ಚುಕಡಿಮೆ ಓಡಿದೆ.

ನೀಲವ್ವ ತೋಟದ ಬಾಗಿಲಲ್ಲೇ ನಿಂತಿದ್ದಳು. ನಾನು ಅವಳನ್ನು ದಾಟಿಕೊಂಡು ಒಳಗೆ ಹೋಗಿ ಮೊದಲ ಸಾಲಿನ ಎಲೆ ಹಿಡಿದೆ. ಒಣಗಿತ್ತು. ಎರಡನೆಯ ಸಾಲು, ಮೂರನೆಯ ಸಾಲು. ಎಲ್ಲೂ ಒಂದು ಹನಿ ಇಲ್ಲ.

"ಎಲ್ಲೈತ್ರಿ ಹಸಿ?" ಅಂದೆ, ಏದುಸಿರು ಬಿಡುತ್ತ.

"ಎಲ್ಲೂ ಇಲ್ರಿ" ಅಂದಳು ನೀಲವ್ವ. "ನಾ ಸುಳ್ಳ ಕಳಿಸಿದ್ನಿ. ಕಳಿಸಿದ್ರ ನೀವು ಬರ್ತೀರೋ ಇಲ್ಲೋ, ನೋಡೂಣಂತ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟೆ. ಅವಳು ತೋಟದ ಮನೆಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ನಾನು ಕುಡಿದು ಮುಗಿಸುವವರೆಗೆ ನಿಂತಿದ್ದು, ಆಮೇಲೆ ಪಕ್ಕದಲ್ಲಿ ಕುಳಿತಳು. ಬಿಸಿಲು ಬಳ್ಳಿಗಳ ಮೇಲೆ ಹರಡಿತ್ತು. ಗೊನೆಗಳೆಲ್ಲ ಹಸಿರಾಗಿ, ಹೂವು ಅಂಟಿಸಿಕೊಂಡು ನಿಂತಿದ್ದವು.

"ಅಕ್ಕಾರ" ಅಂದಳು. ಅಲ್ಲಿಯವರೆಗೆ ಅವಳು ನನ್ನನ್ನು ಮೇಡಂ ಅನ್ನುತ್ತಿದ್ದಳು. "ಹೆಂಗೂ ಬಂದೀರಿ. ಏಳ್ರಿ, ಎಲಿ ಹೆಂಗ ನೋಡಬೇಕಂತ ನಿಮಗ ತೋರಸ್ತೀನಿ."

ಅವತ್ತು ಆಫೀಸಿಗೆ ರಜೆ ಹೇಳಿ ಮಧ್ಯಾಹ್ನದ ಬಸ್ಸಿನವರೆಗೆ ಅವಳ ಹಿಂದೆ ಸಾಲಿನಿಂದ ಸಾಲಿಗೆ ನಡೆದೆ. ಅವಳು ಎಲೆ ತಿರುಗಿಸಿದಳು, ನಾನೂ ತಿರುಗಿಸಿದೆ.